ರಿವರ್ಸ್ ಇಲ್ಲದ ಡ್ರೈವರ್

ದವಡೆ ಬಲಕ್ಕೆ ಎಳೆಯುತ್ತಿತ್ತು. ರಿಮೋಟಿನ ಕಡ್ಡಿಯನ್ನು ಅವಳು ನೇರ ಮುಂದಕ್ಕೇ ತಳ್ಳುತ್ತಿದ್ದಳು; ಆದರೂ ದವಡೆಯೆಂಬ ಹೆಸರಿನ, ಒಂದೂವರೆ ಕಿಲೋ ತೂಕದ ಆ ಯಂತ್ರ, ಯಾರೋ ಕಿವಿ ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಿರುವ ಹಾಗೆ ಬಲಕ್ಕೆ ಬಲಕ್ಕೆ ಸರಿಯುತ್ತ ಹೋಗಿ, ಪರೀಕ್ಷೆಯ ಅಂಗಳದ ಹಲಗೆಗೆ ಮೂತಿ ಗುದ್ದಿ ನಿಲ್ಲುತ್ತಿತ್ತು. ಮೂರು ಸಲ ಹಾಗೇ ಆಯಿತು. ನಾಲ್ಕನೆಯ ಸಲಕ್ಕಾದರೂ ಅವಳಿಗೆ ಭಯವಾಗಬೇಕಿತ್ತು, ಯಾಕೆಂದರೆ ಇನ್ನು ನಲವತ್ತು ನಿಮಿಷಕ್ಕೆ ಅವಳ ಪಂದ್ಯ. ಆದದ್ದು ಭಯವಲ್ಲ. ಎದೆಯೊಳಗೆ ಯಾವುದೋ ಪುಟ್ಟ ಮೋಟಾರು ತಾನಾಗಿ ಚಾಲೂ ಆದಂಥ ಹಿಗ್ಗು. ಎಂಟು ತಿಂಗಳಿಂದ ಯಾವ ವಸ್ತುವೂ ಅವಳ ಮಾತು ಮೀರಿರಲಿಲ್ಲ. ಮಂಚ, ಕುರ್ಚಿ, ನೀರಿನ ಲೋಟ, ಎಲ್ಲವೂ ಇಟ್ಟಲ್ಲೇ ಇದ್ದವು. ಅವು ಹಾಗೆ ಇಟ್ಟಲ್ಲೇ ಇರುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಈಗ ಒಂದು ಯಂತ್ರ ತನ್ನಿಷ್ಟದಂತೆ ನಡೆಯುತ್ತಿದೆ. "ಎಲ್ಲಿಗೆ ಹೊರಟ್ಯೋ?" ಎಂದಳು ಅದಕ್ಕೆ. ತಮ್ಮನಿಗೆ ಹೇಳುತ್ತಿದ್ದ ದನಿಯೇ ಬಂದುಬಿಟ್ಟಿತು. ಪಕ್ಕದ ಮೇಜಿನವರು ತಿರುಗಿ ನೋಡಿದ್ದರಿಂದ ಕೆಮ್ಮಿದ ಹಾಗೆ ಮಾಡಿದಳು.

ಅದೊಂದು ಹಳೆಯ ಸ್ಕೇಟಿಂಗ್ ಹಾಲು. ಉಳಿದ ದಿನಗಳಲ್ಲಿ ಮಕ್ಕಳು ಚಕ್ರದ ಬೂಟು ಹಾಕಿಕೊಂಡು ಸುತ್ತುವ ನೆಲದ ನಡುವೆ, ವರ್ಷಕ್ಕೊಮ್ಮೆ, ಆಳೆತ್ತರದ ಪಾರದರ್ಶಕ ಗೋಡೆಗಳನ್ನು ನಿಲ್ಲಿಸಿ ಅಖಾಡ ಕಟ್ಟುತ್ತಾರೆ. ಸುತ್ತ ಇಪ್ಪತ್ತು ಇಪ್ಪತ್ತೈದು ಮೇಜುಗಳು. ಪ್ರತಿ ಮೇಜಿನ ಮೇಲೂ ಮನೆಯಲ್ಲೇ ಮಾಡಿದ ಒಂದೊಂದು ಕಾದಾಟದ ಯಂತ್ರ, ಹೊಟ್ಟೆ ಬಿಚ್ಚಿ ಅಂಗಾತ ಮಲಗಿರುತ್ತದೆ. ಬಿಸಿ ಬೆಸುಗೆಯ ವಾಸನೆ, ರಬ್ಬರಿನ ವಾಸನೆ, ಯಾರದೋ ಸುಟ್ಟ ಮೋಟಾರಿನ ವಾಸನೆ. ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಬೆಳಿಗ್ಗೆ ಬಾಗಿಲಲ್ಲೇ ಅವಳ ಹೆಜ್ಜೆ ಚುರುಕಾಗಿತ್ತು, ಮರುಕ್ಷಣವೇ ಅದಕ್ಕಾಗಿ ನಾಚಿಕೆಯೂ ಆಗಿತ್ತು. ಅರವತ್ತೊಂದು ವರ್ಷದವಳು, ಮೂವತ್ತೆಂಟು ವರ್ಷದಿಂದ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಕೆಲಸ. ಮೇಣ, ಪ್ಲಾಸ್ಟರು, ಅಚ್ಚು. ಇಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎನ್ನುತ್ತಾರೆ. ದವಡೆಯ ಮುಂದೆ ಗರಗರ ತಿರುಗುವ ಉಕ್ಕಿನ ಉರುಳೆ, ಅದಕ್ಕೆ ಎರಡು ಕೋರೆಹಲ್ಲು. ಆ ಹಲ್ಲುಗಳನ್ನು ಅವಳು ಎಷ್ಟು ಚೆನ್ನಾಗಿ ಕೂರಿಸಿದ್ದಳೆಂದರೆ, "ಬಾಯಲ್ಲಿರೋದಕ್ಕಿಂತ ಇದೇ ಗಟ್ಟಿ ಕಣೇ ಅಕ್ಕಾ, ನಂಗೂ ಇಂಥದ್ದೇ ಹಾಕು" ಎಂದು ತಮ್ಮ ನಕ್ಕಿದ್ದ. ಕಟ್ಟುವವಳು ಅವಳು, ಓಡಿಸುವವನು ಅವನು. ಆರು ವರ್ಷ ಹಾಗೆ ನಡೆದಿತ್ತು.

ರಿಮೋಟು ಅವನ ಮನೆಯಲ್ಲೇ ಉಳಿದಿತ್ತು. ಕೇಳಲು ಅವಳಿಗೆ ಬಾಯಿ ಬರಲಿಲ್ಲ, ತಾನಾಗಿ ಕೊಡಲು ಅವನ ಹೆಂಡತಿಗೂ ಕೈ ಬರಲಿಲ್ಲ. ಆಟಿಕೆ ಕಾರಿನ ರಿಮೋಟೊಂದರಲ್ಲಿ ಅವಳು ತಿಂಗಳುಗಟ್ಟಲೆ ಕೈ ಪಳಗಿಸಿಕೊಂಡಳು. ಇವತ್ತು ಬೆಳಿಗ್ಗೆ ತಮ್ಮನ ಹೆಂಡತಿ ಅವನ ರಿಮೋಟನ್ನು ಒಂದು ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ನಿಂತವರ ನಡುವೆ ಮಗುವನ್ನು ಜೋಪಾನ ಮಾಡುವಂತೆ ಎದೆಗೊತ್ತಿಕೊಂಡು ತಂದಿದ್ದಳು. ಅವಳು ಬಸ್ ಕಂಡಕ್ಟರು. ತಮ್ಮ ಡ್ರೈವರು. ಒಂದೇ ಬಸ್ಸಿನಲ್ಲಿ ಏಳು ವರ್ಷ ಶಿಳ್ಳೆ ಊದಿ ಊದಿ ಕೊನೆಗೆ ಮದುವೆಯಾದವರು. ರಿಮೋಟಿನ ಎಡಬದಿಗೆ, ಕಡ್ಡಿಯ ಕೆಳಗೆ, ಕಪ್ಪು ಟೇಪಿನ ಒಂದು ತುಂಡು ಅಂಟಿಸಿತ್ತು. ಅಕ್ಕ ಅದನ್ನು ಹಿಂದೆಯೂ ನೋಡಿದ್ದಳು. ಎಲ್ಲೋ ಬೀಳಿಸಿ ಬಿರುಕು ಬಿಟ್ಟಿರಬೇಕು, ನನ್ನ ಬೈಗುಳಕ್ಕೆ ಹೆದರಿ ಮುಚ್ಚಿದ್ದಾನೆ ಎಂದುಕೊಂಡು, ಕೇಳದೆ ಬಿಟ್ಟು, ಹಾಗೆ ಬಿಟ್ಟ ತನ್ನ ದೊಡ್ಡತನವನ್ನು ತಾನೇ ಮೆಚ್ಚಿಕೊಂಡಿದ್ದಳು.

"ಏನ್ ಹಲ್ಲಕ್ಕಾ, ಬಂಡಿ ಬಲಕ್ಕೇ ಹೋಗುತ್ತಲ್ಲಾ. ಅದಕ್ಕೂ ತಲೆ ತಿರುಗುತ್ತಾ ಹೇಗೆ?"

ವೆಲ್ಡರು. ದಪ್ಪ ಆಸಾಮಿ, ಕೆಲಸದ ಕಿಡಿ ತಾಗಿ ತಾಗಿ ಅಂಗಿಯ ತೋಳೆಲ್ಲ ಜರಡಿ. ಇವತ್ತಿನ ಅವಳ ಎದುರಾಳಿ. ಅವನ ಯಂತ್ರದ ಹೆಸರು ಮಗುಚುಕೈ; ತಗಡಿನಷ್ಟು ತೆಳ್ಳಗಿನ ನಾಲಗೆಯನ್ನು ಎದುರಾಳಿಯ ಹೊಟ್ಟೆಯ ಕೆಳಗೆ ತೂರಿಸಿ ಎತ್ತಿ ಒಗೆಯುವುದು ಅದರ ಕಸುಬು.

"ನಿನ್ನ ನೋಡಿ ಮುಖ ತಿರುಗಿಸ್ಕೊಂಡಿದೆ ಅಷ್ಟೆ. ಹೋಗು, ನಿನ್ನ ಬ್ಯಾಟರಿ ನೋಡ್ಕೊ."

"ಬೈರಿ, ಬೈರಿ. ನೀವು ಬೈದ್ರೆನೇ ಪಂದ್ಯ ಶುರುವಾದ ಹಾಗೆ." ಆಮೇಲೆ ದನಿ ತಗ್ಗಿಸಿ, ಎರಡೂ ಕೈಯಲ್ಲಿ ಒಂದು ಹಾಳೆಯನ್ನು ಅವಳ ಮುಂದೆ ಹಿಡಿದ. "ನಾವೆಲ್ಲಾ ಸೇರಿ ಹೀಗೊಂದು ಮಾಡಿದ್ದೀವಿ ಅಕ್ಕಾ. ಪಂದ್ಯ ನಡೆಸೋ ಮೇಷ್ಟ್ರೇ ಬರೆದಿದ್ದು. ನೋಡಿ."

ಪಂದ್ಯಗಳ ಪಟ್ಟಿ. ಮೂರನೆಯ ಸಾಲಿನಲ್ಲಿ ದವಡೆ, ಮಗುಚುಕೈ. ಅದರ ಕೆಳಗೆ ದಪ್ಪಕ್ಷರದಲ್ಲಿ: ನಮ್ಮ ಪ್ರೀತಿಯ 'ರಿವರ್ಸ್ ಇಲ್ಲದ ಡ್ರೈವರ್' ನೆನಪಿಗೆ. ವೆಲ್ಡರನ ಕಣ್ಣು ಒದ್ದೆಯಾಗಿತ್ತು. ಅವನಿಗೆ ಒಳ್ಳೆಯ ಮನಸ್ಸೇ ಇತ್ತು, ಅದೇ ತಡೆಯಲಾಗದ್ದು. "ಚೆನ್ನಾಗಿದೆ" ಎಂದಳು. ಅವನು ಕೈ ಮುಗಿದು ಹೋದ. ಆ ಹೆಸರು ಅವನು ಇಟ್ಟದ್ದೆಂದು ಎಲ್ಲರೂ ತಿಳಿದಿದ್ದರು. ಅವನು ಇಟ್ಟದ್ದಲ್ಲ, ನೆಲಕ್ಕೆ ಬಿದ್ದದ್ದನ್ನು ಎತ್ತಿಕೊಂಡದ್ದು. ಬೀಳಿಸಿದವಳು ಅವಳು.

ಹೋದ ವರ್ಷ ಇದೇ ಹಾಲು, ಇದೇ ಮಗುಚುಕೈ. ಅಖಾಡದ ಒಂದು ಮೂಲೆಯಲ್ಲಿ, ನೆಲದ ಹಲಗೆ ಎತ್ತಿ ಮಾಡಿದ ಚೌಕಾಕಾರದ ಗುಂಡಿ ಇದೆ. ಅದರಲ್ಲಿ ಬಿದ್ದವರು ಸೋತಂತೆ. ದವಡೆ ಅದರ ಅಂಚಿಗೆ ಹೋಗಿ ನಿಂತಿತ್ತು. ಹಿಂದಿನಿಂದ ಏನೂ ಬರುತ್ತಿರಲಿಲ್ಲ, ದಾರಿ ಖಾಲಿ, ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಮುಗಿಯಿತು. "ಹಿಂದೆ ಬಾ! ಹಿಂದೆ ಬಾರೋ!" ಎಂದು ಅವಳು ಗೋಡೆಗೆ ಗುದ್ದಿ ಕೂಗಿದಳು. ಅವನು ಹಿಂದೆ ಬರಲಿಲ್ಲ. ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ದವಡೆಯನ್ನು ನಿಂತಲ್ಲೇ ಇಷ್ಟಿಷ್ಟೇ ತಿರುಗಿಸಿ, ಮುಮ್ಮುಖವಾಗಿಯೇ ಹೊರಗೆ ತರಲು ನೋಡಿದ. ಅಷ್ಟರಲ್ಲಿ ಮಗುಚುಕೈ ಬಂತು, ನಾಲಗೆ ತೂರಿಸಿತು, ಎತ್ತಿತು. ದವಡೆ ಗುಂಡಿಯೊಳಗೆ. ಆಗ ಅವಳು ಎಲ್ಲರ ಎದುರಿಗೆ, ಮೇಷ್ಟ್ರ ಮೈಕು ಚಾಲೂ ಇರುವಾಗಲೇ, ಆ ಮಾತು ಅಂದಳು. "ಮೂವತ್ತು ವರ್ಷ ಅದು ಹೇಗೋ ಬಸ್ಸು ಓಡಿಸ್ದೆ? ರಿವರ್ಸೇ ಬರಲ್ವಲ್ಲೋ ನಿಂಗೆ!" ಹಾಲಿಗೆ ಹಾಲೇ ನಕ್ಕಿತು. ಬಸ್ ಡ್ರೈವರಿಗೆ ರಿವರ್ಸ್ ಬರಲ್ವಂತೆ! ಅವನೂ ನಕ್ಕ. ತಲೆ ಕೆರೆದುಕೊಂಡು, "ಡಿಪೋದಲ್ಲೂ ಅದೇ ಕಂಪ್ಲೇಂಟು ಕಣೇ ಅಕ್ಕಾ. ಅದಕ್ಕೇ ನಂಗೆ ಯಾವಾಗ್ಲೂ ಸರ್ಕಲ್ ರೂಟೇ ಕೊಡೋದು" ಎಂದ. ಇನ್ನೊಂದು ಅಲೆ ನಗು. ಆ ನಗುವಿನ ನಡುವೆ ಅವನ ಕಿವಿಯ ತುದಿ ಕೆಂಪಗಾದದ್ದನ್ನು ಅವಳೊಬ್ಬಳೇ ಕಂಡಿದ್ದಳು. ಚಿಕ್ಕಂದಿನಿಂದಲೂ ಅವನಿಗೆ ಅವಮಾನವಾದರೆ ಮುಖದಲ್ಲಿ ಏನೂ ತೋರದು, ಕಿವಿ ಮಾತ್ರ ಹೇಳಿಬಿಡುತ್ತದೆ. ಕಂಡೂ ಅವಳು ಸುಮ್ಮನಿದ್ದಳು. ಸೋತ ಸಿಟ್ಟು ಇನ್ನೂ ಬಾಯಲ್ಲಿ ರುಚಿಯಾಗಿತ್ತು.

ನಾಲ್ಕು ತಿಂಗಳಿಗೆ ಅವನು ಹೋದ. ಬೆಳಗಿನ ಪಾಳಿ ಮುಗಿಸಿ ಡಿಪೋಗೆ ಬಂದು, ಎರಡು ಬಸ್ಸುಗಳ ನಡುವಿನ ಸಂದಿಗೆ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗಿನ ಮೇಲೆ ಕೈ ಇಟ್ಟು ಹಾಗೇ ಕೂತುಬಿಟ್ಟಿದ್ದ. ಟಿಕೆಟ್ಟಿನ ಯಂತ್ರ ಒಪ್ಪಿಸಿ ವಾಪಸು ಬಂದ ಹೆಂಡತಿ, ನಿದ್ದೆ ಮಾಡುತ್ತಿದ್ದಾನೆಂದು ಬಸ್ಸಿನ ಮೈಗೆ ಎರಡು ಸಲ ತಟ್ಟಿದಳಂತೆ. ಅಕ್ಕ ಓಡಿ ಹೋದಾಗ ಅವನನ್ನು ಆಗಲೇ ಇಳಿಸಿದ್ದರು. ಏನು ನೋಡಬೇಕೆಂದು ತಿಳಿಯದೆ ಅವಳು ಬಸ್ಸನ್ನು ನೋಡಿದ್ದಳು: ಹಿಂದಿನ ಗೋಡೆಗೆ ಒಂದು ಗೇಣು ಜಾಗ ಬಿಟ್ಟು, ಆ ಕಡೆ ಈ ಕಡೆ ಒಂದೇ ಅಳತೆಯ ಸಂದಿ ಬಿಟ್ಟು, ಪ್ಲಾಸ್ಟರಿನಲ್ಲಿ ಹಲ್ಲು ಕೂರಿಸಿದ ಹಾಗೆ ನೇರವಾಗಿ ಕೂತಿತ್ತು ಅದು. ಕಂಡಿತ್ತು, ಮನಸ್ಸಿಗೆ ಹೋಗಿರಲಿಲ್ಲ. ಮಾತಾಡಿಸಲು ಬಂದವರಲ್ಲಿ ವೆಲ್ಡರೂ ಇದ್ದ. ದೇವರ ಮುಂದೆ ನಿಂತವನ ಹಾಗೆ ಕೈ ಕಟ್ಟಿಕೊಂಡು, "ರಿವರ್ಸ್ ಇಲ್ಲದೆ ಹೋಗ್ಬಿಟ್ರು ನಮ್ಮ ಡ್ರೈವರ್ರು" ಎಂದು ಗಳಗಳನೆ ಅತ್ತ. ಅವಳು ಹೌದೆಂದು ತಲೆ ಆಡಿಸಿದ್ದಳು.

ಪಂದ್ಯಕ್ಕೆ ಮೂವತ್ತೈದು ನಿಮಿಷ. ಮೊದಲು ಚಕ್ರ ನೋಡಬೇಕು. ಮೊನ್ನೆ ತಾನೇ ಎರಕ ಹೊಯ್ದ ಹೊಸ ಚಕ್ರಗಳು. ಹಲ್ಲಿನ ಸೆಟ್ಟಿಗೆ ಮಾಡುವಂತೆಯೇ ಮೇಣದಲ್ಲಿ ಆಕಾರ ಕೆತ್ತಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ರಬ್ಬರು ಸುರಿದದ್ದು. ವರ್ನಿಯರ್ ಹಚ್ಚಿ ಅಳೆದಳು. ಎಡದ್ದು ಬಲದ್ದು ಕೂದಲೆಳೆಯ ವ್ಯತ್ಯಾಸವಿಲ್ಲ. ಅಳತೆಪಟ್ಟಿಯ ಗೆರೆಗಳು ಎಷ್ಟು ನಿಚ್ಚಳ ಕಾಣುತ್ತಿದ್ದವೆಂದರೆ ಅವಳಿಗೆ ಮತ್ತೆ ಆ ಬೆಳಗಿನ ಹಿಗ್ಗು ಉಕ್ಕಿತು. ತಮ್ಮ ಹೋದ ಎರಡು ತಿಂಗಳಿಗೆ, ಯಾರಿಗೂ ಹೇಳದೆ, ಒಬ್ಬಳೇ ಆಸ್ಪತ್ರೆಗೆ ನಡೆದು ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು. ಅದಕ್ಕೆ ಮುಂಚೆ ಎರಡು ವರ್ಷ ಲೋಕವನ್ನೆಲ್ಲ ಹಾಲಿನ ಲೋಟದ ಮೂಲಕ ನೋಡಿದಂತೆ ನೋಡುತ್ತ, ಯಾರಿಗೂ ಬಿಟ್ಟುಕೊಡದೆ ಕೆಲಸ ಮಾಡಿದ್ದಳು. ಒಬ್ಬ ದಂತವೈದ್ಯ, ಮಗನ ವಯಸ್ಸಿನವನು, ರೋಗಿಯ ಎದುರಿಗೇ ಸೆಟ್ಟನ್ನು ಅವಳ ಕೈಗೆ ವಾಪಸು ಹಾಕಿ, "ಮೇಲಿನದಕ್ಕೂ ಕೆಳಗಿನದಕ್ಕೂ ಕಚ್ಚು ಕೂರ್ತಿಲ್ಲಮ್ಮ, ಏನಾಗಿದೆ ನಿಮಗೆ?" ಎಂದಿದ್ದ. ಆ ಸಂಜೆ ತಮ್ಮ ಕೂಡ ಮೆಲ್ಲಗೆ, "ಒಂದ್ಸಲ ಕಣ್ಣು ತೋರಿಸ್ಬಾರ್ದಾ ಅಕ್ಕಾ?" ಎಂದದ್ದು. "ನನ್ನ ಕಣ್ಣಿಗೇನಾಗಿದೆಯೋ? ನೀನು ರಸ್ತೆ ನೋಡ್ಕೊ ಸಾಕು."

ಆದರೂ ಬಲಕ್ಕೆ ಯಾಕೆ ಎಳೆಯುತ್ತಿದೆ? ಅವಳು ತನ್ನ ಕಸುಬಿನ ದಾರಿ ಹಿಡಿದಳು. ಕಚ್ಚು ನೋಡಲು ಹಲ್ಲುಗಳ ನಡುವೆ ಇಡುವ ನೀಲಿ ಕಾಗದ ಚೀಲದಲ್ಲಿತ್ತು. ಎಲ್ಲಿ ಎತ್ತರವಿದೆಯೋ ಅಲ್ಲಿ ಬಣ್ಣ ಹತ್ತುತ್ತದೆ, ಅದು ಸುಳ್ಳು ಹೇಳುವುದಿಲ್ಲ. ಮೇಜಿನ ಮೇಲೆ ಉದ್ದಕ್ಕೆ ಬಿಳಿ ಹಾಳೆ ಹಾಸಿ, ಚಕ್ರದಲ್ಲಿ ಒಂದು ಕಡೆ ನೀಲಿ ಗುರುತು ಮಾಡಿ ಹತ್ತು ಸುತ್ತು ಉರುಳಿಸಿದಳು. ಎರಡೂ ಒಂದೇ ಜಾಗದಲ್ಲಿ ಬಂದು ಮುಗಿದವು. ಸರಿಯಾಗಿಯೇ ಇವೆ. ಹಾಗಿದ್ದರೆ ಹಳೆಯವು? ಅವೂ ಚೀಲದಲ್ಲೇ ಇದ್ದವು, ಇರಲಿ ಎಂದು ತಂದದ್ದು. ಯಾಕೆ ಹಾಗನ್ನಿಸಿತೋ ಅವಳಿಗೇ ತಿಳಿಯದು. ಹಳೆಯ ಬಲ ಚಕ್ರವನ್ನು ಉರುಳಿಸಿದಳು, ಹತ್ತನೆಯ ಗುರುತು ಹಾಳೆಯ ಅಂಚಿಗೆ ಬಿತ್ತು. ಹಳೆಯ ಎಡ ಚಕ್ರವನ್ನು ಉರುಳಿಸಿದಳು. ಹತ್ತನೆಯ ಗುರುತು ಎರಡು ಬೆರಳಗಲ ಹಿಂದೆಯೇ ಬಿದ್ದುಬಿಟ್ಟಿತು. ತಪ್ಪು ಎಣಿಸಿರಬೇಕೆಂದು ಇನ್ನೊಮ್ಮೆ ಉರುಳಿಸಿದಳು. ಎರಡು ಬೆರಳಗಲ. ಆವತ್ತು ಪೊರೆ ಮುಚ್ಚಿದ ಕಣ್ಣಲ್ಲಿ ಅವಳು ಮೇಣವನ್ನು ಒಂದು ಸುತ್ತು ಹೆಚ್ಚಿಗೆ ಕೆರೆದಿದ್ದಳು. ಗೆರೆಯ ಮೇಲೆ ಗೆರೆ ಕೂತಿದೆಯೆಂದು ವರ್ನಿಯರ್ ಓದಿದ್ದಳು. ಕೂತಿರಲಿಲ್ಲ.

ಎಡ ಚಕ್ರ ಚಿಕ್ಕದು. ಹಾಗಿದ್ದಮೇಲೆ ಹೋದ ವರ್ಷ, ಅದರ ಹಿಂದಿನ ವರ್ಷ, ದವಡೆ ಎಡಕ್ಕೆ ಎಳೆಯಬೇಕಿತ್ತು. ಎಳೆಯಲಿಲ್ಲ. ಬಾಣದಂತೆ ಹೋಗುತ್ತಿತ್ತು, 'ನಮ್ಮ ಬಂಡಿ ನೋಡಿ ಹೇಗೆ ನೇರ ಹೋಗುತ್ತೆ' ಎಂದು ಅವಳು ಮೇಷ್ಟ್ರ ಮುಂದೆ ಜಂಬ ಕೊಚ್ಚಿಕೊಂಡಿದ್ದಳು, ಪಕ್ಕದಲ್ಲಿ ತಮ್ಮ ಬಾಳೆಹಣ್ಣು ಸುಲಿಯುತ್ತ ನಿಂತಿದ್ದ. ಅವಳ ಉಗುರು ರಿಮೋಟಿನ ಕಪ್ಪು ಟೇಪಿನ ಅಂಚಿಗೆ ಹೋಯಿತು. ಹಳೆಯ ಅಂಟು, ಸುಲಭಕ್ಕೆ ಬಿಡಲಿಲ್ಲ. ಬಿಟ್ಟಾಗ ಕೆಳಗೆ ಬಿರುಕಿರಲಿಲ್ಲ. ಹಲ್ಲಿನಷ್ಟು ಚಿಕ್ಕ ಒಂದು ಬಟನ್ನು, ಗೆರೆ ಕೊರೆದ ಹಾದಿಯಲ್ಲಿ ಅತ್ತ ಇತ್ತ ಜಾರುವಂಥದು. ಟ್ರಿಮ್ಮು ಎನ್ನುತ್ತಾರೆ ಅದಕ್ಕೆ; ಯಂತ್ರ ಒಂದು ಕಡೆಗೆ ಎಳೆದರೆ ಅದನ್ನು ಇನ್ನೊಂದು ಕಡೆಗೆ ಸರಿಸಿ ಸಮ ಮಾಡಿಕೊಳ್ಳುವುದು. ಅದು ನಡುವೆ ಇರಬೇಕಿತ್ತು. ಬಲಕ್ಕೆ, ಹನ್ನೊಂದು ಗೆರೆ ದಾಟಿ, ಕೊನೆಗೆ ಹೋಗಿ ಕೂತಿತ್ತು. ಅಲುಗದಿರಲೆಂದು ಅವನು ಟೇಪು ಹಾಕಿದ್ದ. ಅವಳು ನೋಡದಿರಲೆಂದೂ.

ಅವಳು ಕುರ್ಚಿ ಎಳೆದು ಕೂತಳು. ಒಂದೊಂದಾಗಿ ಬಂದು ಕೂತವು ಸಂಗತಿಗಳು, ಬಾಯಿಯೊಳಗೆ ಸೆಟ್ಟು ಕೂತಾಗ ಆಗುವ ಸದ್ದಿನ ಹಾಗೆ ಟಕ್ಕೆಂದು. ಟ್ರಿಮ್ಮು ಮುಂದೆ ಹೋಗುವಾಗ ಚಿಕ್ಕ ಚಕ್ರದ ತಪ್ಪನ್ನು ಮುಚ್ಚುತ್ತದೆ. ಹಿಂದೆ ಬರುವಾಗ? ಹಿಂದೆ ಬರುವಾಗ ಅದೇ ತಿದ್ದುಪಡಿ ತಪ್ಪಿನ ಕಡೆಗೇ ಸೇರಿಕೊಳ್ಳುತ್ತದೆ. ಎರಡು ಪಟ್ಟು ಸೊಟ್ಟ. ಗುಂಡಿಯ ಅಂಚಿನಲ್ಲಿ ನಿಂತು ಕಡ್ಡಿಯನ್ನು ಹಿಂದಕ್ಕೆ ಎಳೆದಿದ್ದರೆ ದವಡೆ ಅಡ್ಡಕ್ಕೆ ತಿರುಗಿ ತಾನಾಗಿ ಗುಂಡಿಗೆ ಬೀಳುತ್ತಿತ್ತು. ಅವನಿಗೆ ಅದು ಗೊತ್ತಿತ್ತು. ಎರಡು ವರ್ಷ ಒಂದು ಸಲವೂ ಹಿಂದೆ ಬಾರದೆ, ಸುತ್ತಿ ಸುತ್ತಿ ಮುಂದೆಯೇ ಬಂದು ಆಡಿದ್ದ. ಮೂವತ್ತು ವರ್ಷದ ಡ್ರೈವರು ತನ್ನ ಕೈಗೆ ರಿವರ್ಸ್ ಬಾರದೆಂದು ಹಾಲಿಗೆ ಹಾಲೇ ನಗುವಾಗ ಸರ್ಕಲ್ ರೂಟಿನ ಜೋಕು ಹೇಳಿದ್ದ. ಅಳು ಬರುತ್ತದೆಂದು ಅವಳು ಕಾದಳು. ಬಂದದ್ದು ಅಳುವಲ್ಲ. ಮೈಯೆಲ್ಲ ಬಿಸಿಯಾಗಿ, ಬೆರಳ ತುದಿಗಳು ಜುಮುಗುಟ್ಟುತ್ತ, ಎದ್ದು ಓಡಬೇಕೆನ್ನುವಂಥ ಒಂದು ಉದ್ವೇಗ. ಎಂಟು ತಿಂಗಳಿಂದ ಮುಗಿದುಹೋಗಿದ್ದ ತಮ್ಮ ಈಗ ತಾನೇ ಒಂದು ಹೊಸ ಕೆಲಸ ಮಾಡಿದ್ದ. ಇನ್ನೂ ಅವಳಿಗೆ ಏನೋ ಹೇಳುತ್ತಿದ್ದ.

ತಮ್ಮನ ಹೆಂಡತಿ ಟೀ ಹಿಡಿದು ಬಂದಳು. ಮೇಜಿನ ಮೇಲಿನ ಟೇಪನ್ನು ನೋಡಿ ಅಲ್ಲೇ ನಿಂತಳು.

"ತೆಗೆದ್ರಾ ಅತ್ತಿಗೆ?"

"ನಿಂಗೆ ಗೊತ್ತಿತ್ತಾ?"

ಟೀ ಲೋಟಗಳನ್ನು ಇಟ್ಟಳು, ಒಂದನ್ನು ಸರಿಸಿದಳು, ಮತ್ತೆ ಅಲ್ಲಿಗೇ ತಂದಳು. "ಗೊತ್ತಿತ್ತು. ಅಕ್ಕನ ಚಕ್ರ ಒಂದು ಚಿಕ್ಕದಾಗಿದೆ, ಬಾಯಿ ಬಿಡ್ಬೇಡ ಅಂದಿದ್ರು. ಚಕ್ರ ಅಂದ್ರೆ ಕಣ್ಣಿನ ಮಾತು ಬರುತ್ತೆ. ಕಣ್ಣಿನ ಮಾತು ಬಂದ್ರೆ ಅವಳ ಕೆಲಸದ ಮಾತು ಬರುತ್ತೆ. ಅವಳಾಗಿ ಹೇಳೋವರೆಗೂ ಸುಮ್ನಿರೋಣ ಅಂದ್ರು."

"ಆವತ್ತು ನಾನು ಅಷ್ಟು ಜನರ ಮುಂದೆ..."

"ಹ್ಞೂಂ." ಮುಚ್ಚಿಡುವ ಸ್ವಭಾವ ಅವಳದಲ್ಲ. "ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ. ನಾನೂ ನಿಮ್ಮ ಮೇಲೆ ಸಿಟ್ಟಾಗಿದ್ದೆ ಅತ್ತಿಗೆ, ಸುಳ್ಳು ಯಾಕೆ ಹೇಳ್ಲಿ. ಬೆಳಿಗ್ಗೆ ಎದ್ದು ಅವರೇ, ಅಕ್ಕ ಅಲ್ವಾ, ಬೈದ್ರೆ ಬೈಲಿ ಬಿಡು ಅಂದ್ರು."

ಮೈಕಿನಲ್ಲಿ ಮೇಷ್ಟ್ರು ಎರಡನೆಯ ಪಂದ್ಯ ಕರೆದರು. ಜನ ಕೂಗಿದರು, ಲೋಹಕ್ಕೆ ಲೋಹ ಬಡಿಯಿತು. ಅವಳು ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಟ್ರಿಮ್ಮನ್ನು ನಡುವಿಗೆ ತಂದರೆ ಹೊಸ ಚಕ್ರದಲ್ಲಿ ದವಡೆ ನೇರ ಹೋಗುತ್ತದೆ, ನೇರ ಬರುತ್ತದೆ. ಒಂದು ಬೆರಳಿನ ಕೆಲಸ. ಆದರೆ ಆ ಬಟನ್ನನ್ನು ಕೊನೆಗೆ ಸರಿಸಿದ್ದು ಅವನ ಹೆಬ್ಬೆರಳು. ಅವನು ಇಟ್ಟ ಜಾಗದಲ್ಲೇ ಇರುವ ವಸ್ತು ಇನ್ನು ಈ ಲೋಕದಲ್ಲಿ ಎಷ್ಟಿವೆ? ಹಳೆಯ ಚಕ್ರವನ್ನೇ ಹಾಕಿಬಿಡಲೇ? ಹಿಂದೆ ಬಾರದೆ, ಅವನ ಹಾಗೆಯೇ, ಸುತ್ತಿ ಸುತ್ತಿ ಆಡಲೇ? ಅದು ಪ್ರಾಯಶ್ಚಿತ್ತದಂತೆ ಒಂದು ಕ್ಷಣ ಚೆನ್ನಾಗಿ ಕಂಡಿತು. ಹೆಸರನ್ನು ಮಾತ್ರ ಅದು ಹಾಗೇ ಉಳಿಸುತ್ತದೆ. ರಿವರ್ಸ್ ಇಲ್ಲದ ಡ್ರೈವರನ ರಿವರ್ಸ್ ಇಲ್ಲದ ಅಕ್ಕ. ದೇವರೇ, ಎಂದಳು ಒಳಗೆ; ಅದರ ಮುಂದಕ್ಕೆ ಏನು ಕೇಳಬೇಕೋ ಹೊಳೆಯಲಿಲ್ಲ.

"ಮುಟ್ಟೋಕೆ ಆಗ್ತಿಲ್ಲ ಕಣೇ" ಎಂದಳು.

ಕಂಡಕ್ಟರು ಟೀ ಮುಗಿಸಿ ಬಾಯಿ ಒರೆಸಿಕೊಂಡಳು. "ಪಾಳಿ ಬದಲಾದ್ಮೇಲೆ ಬಂದ ಡ್ರೈವರು ಮೊದಲು ಏನು ಮಾಡ್ತಾರೆ ಹೇಳಿ ಅತ್ತಿಗೆ. ಸೀಟು ಸರಿಮಾಡ್ಕೋತಾರೆ, ಕನ್ನಡಿ ತಿರುಗಿಸ್ಕೋತಾರೆ. ಹಿಂದಿನವರು ಇಟ್ಟಿದ್ದು ಅಂತ ಹಾಗೇ ಓಡಿಸಿದ್ರೆ ಜನ ಸಾಯ್ತಾರೆ." ಖಾಲಿ ಲೋಟವನ್ನು ಮೇಜಿನ ಮೇಲಿಟ್ಟಳು. "ಅವರೂ ಹಾಗೇ ಮಾಡ್ತಿದ್ರು. ಸರಿಸಿ."

ಅವಳು ಹೆಬ್ಬೆರಳಿಟ್ಟಳು. ಒಂದೊಂದು ಗೆರೆಗೂ ಒಂದು ಸಣ್ಣ ಟಿಕ್ ಸದ್ದು. ಹನ್ನೊಂದು ಸಲ ಕೇಳಿತು.

ಪರೀಕ್ಷೆಯ ಅಂಗಳಕ್ಕೆ ಹೋಗಲು ಸಮಯವಿರಲಿಲ್ಲ, ಹೆಸರು ಕರೆದೇಬಿಟ್ಟರು. ದವಡೆಯನ್ನು ಎತ್ತಿಕೊಂಡು ಹೋಗುವಾಗ ಅವಳ ಮಂಡಿ ನೋವು ಎಲ್ಲಿಗೋ ಹೋಗಿತ್ತು. ಮೇಷ್ಟ್ರು ಹಾಳೆ ನೋಡಿಕೊಂಡು ಗಂಭೀರವಾಗಿ ಓದಿದರು: "ಈ ಪಂದ್ಯ, ನಮ್ಮನ್ನೆಲ್ಲ ನಗಿಸ್ತಿದ್ದ, ನಮ್ಮ ಪ್ರೀತಿಯ ರಿವರ್ಸ್ ಇಲ್ಲದ..." ಅವಳು ಹೋಗಿ ಮೈಕಿನ ಮೇಲೆ ಕೈ ಇಟ್ಟಳು. ಅಂಗೈ ತಾಗಿದ ಸದ್ದು ಹಾಲಿಡೀ ಗುಡುಗಿತು.

"ಅವನಿಗೆ ರಿವರ್ಸ್ ಬರ್ತಿತ್ತು" ಎಂದಳು. ತನ್ನ ದನಿ ನಾಲ್ಕು ಗೋಡೆಯಿಂದ ವಾಪಸು ಬಂದದ್ದನ್ನು ಕೇಳಿ ಗಾಬರಿಯಾಯಿತು. "ಚಕ್ರ ನಾನು ಮಾಡಿದ್ದು. ಒಂದು ಚಿಕ್ಕದಿತ್ತು. ನನಗೆ ಕಣ್ಣು ಕಾಣ್ತಿರಲಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಪಾಪ, ಎಂಬಂತೆ ಕೆಲವರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ, "ಹಲ್ಲಕ್ಕಂಗೆ ಜೈ!" ಎಂದರು. ಮೇಷ್ಟ್ರು ಮೆಲ್ಲಗೆ ಮೈಕು ಬಿಡಿಸಿಕೊಂಡು, "ಆಗಲಿ ಅಕ್ಕಾ, ಆಗಲಿ, ಆಮೇಲೆ ಮಾತಾಡೋಣ" ಎಂದು ಅವಳ ಬೆನ್ನು ಸವರಿದರು. ಮಕ್ಕಳ ಬೆನ್ನು ಸವರುವ ಹಾಗೆ. ಅವಳ ಕಿವಿ ಸುಟ್ಟಿತು. ಇದೇ ಇರಬೇಕು, ಎಂದುಕೊಂಡಳು, ಆವತ್ತು ಅವನಿಗೆ ಸುಟ್ಟದ್ದು. ಆ ಸುಡುವಿಕೆಯಲ್ಲೇ ಒಂದು ತರಹದ ನೆಮ್ಮದಿಯಿತ್ತು. ಅವನು ನಿಂತ ಜಾಗದಲ್ಲೇ ನಿಂತಂತೆ. ಸರಿ. ಮಾತಿನಲ್ಲಿ ಆಗುವ ಕೆಲಸವಲ್ಲ ಇದು.

ಉರುಳೆಗೆ ಚುಚ್ಚಿದ್ದ ತಡೆಕಡ್ಡಿಯನ್ನು ತೆಗೆದು, ಅಖಾಡದ ಬಾಗಿಲು ಹಾಕಿದಳು. ಮೂರು ನಿಮಿಷದ ಪಂದ್ಯ. ಮೂರು, ಎರಡು, ಒಂದು. ಉರುಳೆ ತಿರುಗಿ ಕೂಗು ಏರಿದಾಗ ಅವಳ ಮೈಮೇಲೆ ಮುಳ್ಳೆದ್ದಿತು. ದಂತವೈದ್ಯರ ಕ್ಲಿನಿಕ್ಕಿನ ಕೊರೆಯುವ ಯಂತ್ರದ ಸದ್ದೇ, ಆದರೆ ಸಿಂಹದ ಗಂಟಲಲ್ಲಿ. ಮಗುಚುಕೈ ನಾಲಗೆ ಚಾಚಿಕೊಂಡು ಬಂತು. ಅವಳು ತಪ್ಪಿಸಲಿಲ್ಲ. ಕಡ್ಡಿ ಮುಂದಕ್ಕೆ, ನೇರ, ಅಯ್ಯೋ ಎಷ್ಟು ನೇರ, ಹೋಗಿ ಕಚ್ಚಿತು ದವಡೆ. ಕಿಡಿ ಹಾರಿತು, ಮಗುಚುಕೈ ಎರಡು ಪಲ್ಟಿ ಹೊಡೆದು ಗೋಡೆಗೆ ಬಡಿದು ಮತ್ತೆ ಚಕ್ರದ ಮೇಲೆಯೇ ಬಿತ್ತು. "ಹೋಯ್!" ಎಂದು ಕೂಗಿದವಳು ತಾನೇ ಎಂದು ಆಮೇಲೆ ತಿಳಿಯಿತು. ಇನ್ನೊಂದು ಕಚ್ಚು. ಮತ್ತೊಂದು. ಮೂರನೆಯದಕ್ಕೆ ಉರುಳೆಯ ಬೆಲ್ಟು ಪಟ್ಟೆಂದು ಹರಿದು ಹಾವಿನಂತೆ ನೆಲಕ್ಕೆ ಬಿತ್ತು. ಕೂಗು ಇಳಿದು ಇಳಿದು ನಿಂತಿತು. ಈಗ ದವಡೆಗೆ ಹಲ್ಲಿದ್ದೂ ಕಚ್ಚಲಾಗದು. ವೆಲ್ಡರ್ ಗೋಡೆಯ ಆ ಬದಿಯಿಂದ ಹಲ್ಲು ಕಿಸಿದ. ಮಗುಚುಕೈ ತಳ್ಳುತ್ತ ಬಂತು, ಅವಳನ್ನು ಅಡ್ಡಕ್ಕೆ ಒತ್ತಿತು, ಒತ್ತಿ ಒತ್ತಿ ಮೂಲೆಗೆ ತಂದಿತು, ಕ್ಷಣ ಹಿಂಜರಿದು ಕೊನೆಯ ಗುದ್ದಿಗೆ ಜಾಗ ಮಾಡಿಕೊಂಡಿತು. ದವಡೆ ಮೂಲೆಯ ಗೋಡೆಗೆ ಮುಖ ಮಾಡಿ, ಎದುರಾಳಿಗೆ ಎಡ ಪಕ್ಕ ಕೊಟ್ಟು ನಿಂತಿತ್ತು. ಅದರ ಬಲ ಪಕ್ಕಕ್ಕೆ, ನಾಲ್ಕು ಬೆರಳು ಬಿಟ್ಟು, ಅದೇ ಗುಂಡಿ. ಅದರ ಹೊಟ್ಟೆಯ ಕೆಳಗಿನಿಂದ ಹಿಂದಕ್ಕೆ, ಗುಂಡಿಯ ಪಕ್ಕದಲ್ಲೇ ಹಾದು, ಸ್ಕೇಟಿಂಗಿನ ಮಕ್ಕಳಿಗೆಂದು ಬಳಿದಿದ್ದ ಒಂದು ಬಿಳಿ ಗೆರೆ ಅಖಾಡದ ಆ ತುದಿಯ ಗೋಡೆಯವರೆಗೆ ಹೋಗಿತ್ತು.

ಹಿಂದೆ ಸರಿದವರಿಗೆ ತೀರ್ಪುಗಾರರು ಅಂಕ ಕೊಡುವುದಿಲ್ಲ. ಅವಳಿಗೆ ಗೊತ್ತಿತ್ತು. ನಾಲಗೆ ತಾನಾಗಿ ಹಲ್ಲಿನ ನಡುವೆ ಬಂದು ಕೂತಿತು. ಕಡ್ಡಿಯನ್ನು ಹಿಂದಕ್ಕೆ ಎಳೆದಳು.

ದವಡೆ ಹಿಂದೆ ಬಂತು. ಗುಂಡಿಯ ಅಂಚನ್ನು ಸವರಿಕೊಂಡು, ಬಿಳಿ ಗೆರೆಯನ್ನು ಎರಡು ಚಕ್ರಗಳ ನಡುವೆ ಇಟ್ಟುಕೊಂಡು, ಅತ್ತ ಒಂದು ಕೂದಲು ಇಲ್ಲ ಇತ್ತ ಒಂದು ಕೂದಲು ಇಲ್ಲ. ಕೊನೆಯ ಗುದ್ದಿಗೆ ನುಗ್ಗಿದ ಮಗುಚುಕೈ ಗಾಳಿಗೆ ಗುದ್ದಿತು. ಆಗ ಅವಳ ಎಡಕ್ಕೆ ಗೋಡೆಯ ಮೇಲೆ ಧಪ್ ಧಪ್ ಎಂದು ಅಂಗೈ ಬಡಿಯಿತು. ಬಸ್ಸಿನ ಮೈಗೆ ಬಡಿಯುವ ಹಾಗೆ, ಅದೇ ತಾಳದಲ್ಲಿ.

"ಬರ್ಲಿ!" ಕಂಡಕ್ಟರಳ ದನಿ, ಬಸ್‌ನಿಲ್ದಾಣದ ಗದ್ದಲವನ್ನೆಲ್ಲ ಮೀರುವ ದನಿ. "ಬರ್ಲಿ, ಬರ್ಲಿ, ಬರ್ಲಿ... ಇನ್ನೂ ಬರ್ಲಿ!"

ಜನ ಮೊದಲು ನಕ್ಕರು. ಆಮೇಲೆ, ದವಡೆ ಗೆರೆ ಬಿಡದೆ ಬರುತ್ತಲೇ ಇರುವುದನ್ನು ನೋಡಿ, ನಗು ಎಲ್ಲೋ ಮಧ್ಯದಲ್ಲಿ ನಿಂತುಹೋಯಿತು. "ಓಡಿಹೋಗ್ತಿದ್ದೀರಾ ಅಕ್ಕಾ?" ಎಂದ ವೆಲ್ಡರ್, ಅರ್ಧ ಬಾಯಿ ತೆರೆದವನು ಹಾಗೇ ನೋಡುತ್ತ ನಿಂತ. ಅವಳಿಗೆ ಅವನು ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಬಿಳಿ ಗೆರೆ, ಒಂದು ಡಿಪೋ, ಎರಡು ಬಸ್ಸುಗಳ ನಡುವಿನ ಸಂದಿ, ಆ ಕಡೆ ಈ ಕಡೆ ಒಂದೇ ಅಳತೆ. ಕೈ ಅವಳದೇ, ಆದರೆ ಅವಸರವಿಲ್ಲದ ಆ ಬರುವಿಕೆ ಅವಳದಲ್ಲ. ಅವಳು ಯಾವತ್ತೂ ಅಷ್ಟು ನಿಧಾನಸ್ಥೆಯಲ್ಲ. ಬರ್ಲಿ. ಬರ್ಲಿ. ಗೋಡೆ ಹತ್ತಿರವಾಯಿತು, ಎರಡು ಗೇಣು, ಒಂದೂವರೆ ಗೇಣು,

"ಹೋಲ್ಡಾನ್!"

ಎರಡು ಏಟು, ಧಪ್ ಧಪ್. ಅವಳು ಕಡ್ಡಿ ಬಿಟ್ಟಳು. ಗೋಡೆಗೆ ಒಂದು ಗೇಣು ಜಾಗ ಬಿಟ್ಟು, ಹಲ್ಲು ಕೂರಿಸಿದ ಹಾಗೆ ನೇರವಾಗಿ, ದವಡೆ ನಿಂತಿತು.

"ಬರುತ್ತಲ್ಲಾ ರಿವರ್ಸು!" ಎಂದ ವೆಲ್ಡರ್.

"ಅವನಿಗೂ ಬರ್ತಿತ್ತು ಕಣೋ!" ಅವಳು ಕೂಗಿದಳು, ಮೈಕಿಲ್ಲದೆ. "ಚಕ್ರ ಸೊಟ್ಟ ಇತ್ತು! ಅವನು ಮುಚ್ಚಿಕೊಂಡ! ನನ್ನ ಚಕ್ರ!"

ವೆಲ್ಡರ್ ದವಡೆಯನ್ನು ನೋಡಿದ, ಗುಂಡಿಯನ್ನು ನೋಡಿದ, ಹೋದ ವರ್ಷ ಅದು ನಿಂತಲ್ಲೇ ಇಷ್ಟಿಷ್ಟೇ ತಿರುಗಿದ್ದ ಜಾಗವನ್ನು ನೋಡಿದ. ಅವನ ಹೆಬ್ಬೆರಳು ಕಡ್ಡಿಯ ಮೇಲೆ ಸುಮ್ಮನೆ ಕೂತಿತ್ತು, ಮಗುಚುಕೈ ಅಖಾಡದ ನಡುವೆ ನಾಲಗೆ ಚಾಚಿಕೊಂಡು ನಿಂತೇ ಇತ್ತು. "ಅಯ್ಯೋ ದೇವರೇ" ಎಂದ, ತನಗೇ ಎಂಬಂತೆ. ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡು, "ಮೇಷ್ಟ್ರೇ, ಆ ಹಾಳೆ ಹರಿದು ಹಾಕ್ರಿ!" ಎಂದು ಗಟ್ಟಿಯಾಗಿ ಕೂಗಿ, ಅವಳ ಕಡೆ ತಿರುಗಿದ. "ಅದು ಸರಿ, ಇನ್ನೂ ಟೈಮಿದೆ. ಬರ್ತೀರೋ, ಅಲ್ಲೇ ಪಾರ್ಕ್ ಮಾಡ್ತೀರೋ?"

ನಲವತ್ತು ಸೆಕೆಂಡು ಉಳಿದಿತ್ತು. ಉರುಳೆ ಸತ್ತಿತ್ತು, ಅಂಕ ಹೋಗಿತ್ತು, ಎದೆ ಹದಿನಾರು ವರ್ಷದ ಹುಡುಗಿಯದರಂತೆ ಹೊಡೆದುಕೊಳ್ಳುತ್ತಿತ್ತು. ಗೋಡೆಯ ಮೇಲೆ ಅಂಗೈ ಇಟ್ಟುಕೊಂಡೇ ಕಂಡಕ್ಟರು ಅವಳನ್ನು ನೋಡಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ರೈಟ್!" ಎಂದಳು ಕಂಡಕ್ಟರು.

ಅಕ್ಕ ಕಡ್ಡಿಯನ್ನು ಮುಂದಕ್ಕೆ ತಳ್ಳಿದಳು.